ಕ್ಯಾರಲ್ಟನ್ನಿನ ಕಷಾಯದ ಡಾಕ್ಟರು

ರೋಗಿಯ ಎದುರು ನಗಬಾರದು ಎಂದು ನಮಗೆ ಕಾಲೇಜಿನ ಮೊದಲ ವಾರವೇ ಹೇಳಿಕೊಟ್ಟಿದ್ದರು. ಆ ಪಾಠ ಹೇಳಿದವರಿಗೆ ನನ್ನ ರೋಗಿಗಳ ಪರಿಚಯ ಇರಲಿಲ್ಲ. ವಾರಕ್ಕೊಂದು ಸಲವಾದರೂ ನನ್ನ ಕ್ಲಿನಿಕ್ಕಿನಲ್ಲಿ ಏನಾದರೊಂದು ನಡೆಯುತ್ತದೆ. ನಾನು ಏನೋ ತರುವವನ ಹಾಗೆ ಒಳಗಿನ ಕೋಣೆಗೆ ಹೋಗಿ, ಗೋಡೆ ನೋಡಿಕೊಂಡು ನಕ್ಕು, ಮುಖ ಸರಿ ಮಾಡಿಕೊಂಡು ಬರುತ್ತೇನೆ. ಸಂಜೆ ಹೆಂಡತಿಗೆ ಹೇಳಿದರೆ, ಬರೆದಿಡಿ, ಆಮೇಲೆ ಮರೆತುಹೋಗುತ್ತೆ ಅನ್ನುತ್ತಾಳೆ. ಬರೆದಿಡುತ್ತಿದ್ದೇನೆ.

ಗ್ಯಾರಂಟಿ

ನಾನು ಹದಿನೆಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನಲವತ್ಮೂರನೇ ವಯಸ್ಸಿನಲ್ಲಿ ಒಂದು ಸೋಮವಾರ ಕಂಪನಿಯವರು ನಮ್ಮ ಇಡೀ ಟೀಮೇ ಒಂದು ತಪ್ಪು ಎಂದು ಕಂಡುಹಿಡಿದು ತೆಗೆದುಹಾಕಿದರು. ಹೆಂಡತಿಗೆ ಕೆಲಸ ಇತ್ತು. ಟೆಕ್ಸಸ್ಸಿನ ಕಾಪೆಲ್‌ನಲ್ಲಿ ಮನೆ ಇತ್ತು, ಮಗಳು ಅಲ್ಲಿಯ ಸ್ಕೂಲಿಗೆ ಹೋಗುತ್ತಿದ್ದಳು. ನನ್ನದು ಅಂತ ಉಳಿದದ್ದು ಹತ್ತು ವರ್ಷದ ಹೊಟ್ಟೆಯುಬ್ಬರ ಒಂದೇ.

ಆ ಹೊಟ್ಟೆಯುಬ್ಬರಕ್ಕೆ ಪಕ್ಕದ ಊರು ಕ್ಯಾರಲ್ಟನ್‌ನಲ್ಲಿ ಒಬ್ಬ ವಯಸ್ಸಾದ ಚೀನೀ ವೈದ್ಯೆ ಬೇರು, ಸಿಪ್ಪೆ, ತೊಗಟೆಗಳ ಪೊಟ್ಟಣ ಕೊಟ್ಟರು. ಕುದಿಸಿ ಕುಡಿದೆ. ಬಾಯಿ ಕಹಿಯಾಗಿ ಹೋಯಿತು, ಆದರೆ ಆ ವರ್ಷದ ಯುಗಾದಿಗೆ ನಾನು ಮೂರು ಹೋಳಿಗೆ ತಿಂದು ಆರಾಮಾಗಿ ಕೂತಿದ್ದೆ. ಒಳಗೇನು ನಡೆಯಿತು ಎಂದು ತಿಳಿದುಕೊಳ್ಳುವ ಚಟ ಟೆಸ್ಟಿಂಗ್‌ನವನಿಗೆ ಹೋಗುತ್ತದೆಯೇ? ಇದನ್ನೇ ಕಲಿಯುತ್ತೇನೆ ಅಂದೆ. ಹೆಂಡತಿ ಎರಡು ದಿನ ಮನೆಯ ಲೆಕ್ಕ ಹಾಕಿದಳು. ಮೂರನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, ಹೋಗಿ ಸೇರಿಕೊಳ್ಳಿ, ಮನೇಲಿ ಕೂತು ನನ್ನ ಅಡಿಗೇಲಿ ತಪ್ಪು ಹುಡುಕೋದಕ್ಕಿಂತ ವಾಸಿ ಅಂದಳು.

ಕಾಲೇಜು ಇದ್ದದ್ದು ಮೂರು ಗಂಟೆ ದೂರದ ಆಸ್ಟಿನ್‌ನಲ್ಲಿ. ಸೋಮವಾರದಿಂದ ಗುರುವಾರ ಅಲ್ಲಿ ಒಂದು ರೂಮು, ಶುಕ್ರವಾರ ಡ್ರೈವ್ ಮಾಡಿಕೊಂಡು ಮನೆಗೆ. ಇದನ್ನು ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಹೇಳಬೇಕಾಗಿತ್ತು. ನಮ್ಮದೇ ಆಯುರ್ವೇದ ಇರುವಾಗ ಇದೇನು ಎಂದು ಅಮ್ಮ ಕೇಳಿದರು. ಇಲ್ಲಿ ಇದಕ್ಕೆ ಕಾಲೇಜು, ಪರೀಕ್ಷೆ, ಲೈಸೆನ್ಸು ಎಲ್ಲಾ ಇದೆ ಎಂದು ವಿವರಿಸಿದೆ. ಅಪ್ಪ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಸೋದರಮಾವ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು ನಿಧಾನವಾಗಿ ಕೇಳಿದರು.

"ಅಲ್ಲಪ್ಪ, ನಾನು ತಗೊಂಡ ಚೀನಾ ಟಾರ್ಚು ಮೂರು ತಿಂಗಳು ಬಾಳಿಕೆ ಬರಲಿಲ್ಲ. ಇನ್ನು ನಿನ್ನ ಔಷಧಿ ಕುಡಿದೋರು ಎಷ್ಟು ದಿನ ಬರ್ತಾರೆ?"

ಗುಂಡಗಿನ ಅಕ್ಷರ

ಮುನ್ನೂರಕ್ಕೂ ಮೇಲೆ ಮೂಲಿಕೆಗಳನ್ನು ನೋಡಿ, ಮೂಸಿ, ನಾಲಿಗೆಗೆ ಹಚ್ಚಿ ಗುರುತಿಸುವುದು ಎರಡನೇ ವರ್ಷದ ಮುಖ್ಯ ಪಾಠ. ಹೆಸರನ್ನು ಚೀನೀ ಉಚ್ಚಾರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಚೀನೀ ಅಕ್ಷರವನ್ನೂ ಬರೆದರೆ ಎರಡು ಅಂಕ ಹೆಚ್ಚು. ಪಾಠ ಮಾಡುತ್ತಿದ್ದ ಮೇಡಂಗೆ ಎಪ್ಪತ್ತರ ಹತ್ತಿರ ವಯಸ್ಸು. ಸಣ್ಣ ಆಳು, ನಗು ಕಡಿಮೆ. ಅವರ ಕ್ಲಾಸಿನಲ್ಲಿ ಕೆಮ್ಮಬೇಕಾದರೂ ನಾವು ಹೊರಗೆ ಹೋಗಿ ಕೆಮ್ಮುತ್ತಿದ್ದೆವು.

ನನ್ನ ಸಹಪಾಠಿಗಳೆಲ್ಲ ಇಪ್ಪತ್ತೈದರ ಒಳಗಿನವರು. ಒಂದು ಸಲ ಓದಿದರೆ ಅವರಿಗೆ ನೆನಪಿರುತ್ತಿತ್ತು. ನನಗಿದ್ದ ಆಸರೆ ಅಂದರೆ ಅಮ್ಮನ ಅಡಿಗೆಮನೆ. ಕಾಲುಭಾಗ ಸಾಮಾನು ನೋಡಿದ ಕೂಡಲೇ ಗುರುತು ಸಿಗುತ್ತಿತ್ತು. ಒಣಶುಂಠಿ, ಚಕ್ಕೆ, ಲವಂಗ, ಸೋಂಪು, ಜ್ಯೇಷ್ಠಮಧು, ಅರಿಶಿನ. ಹಾಗಾಗಿ ನಾನು ಮೊದಲು ಪಕ್ಕದಲ್ಲಿ ಕನ್ನಡದ ಹೆಸರು ಬರೆದುಕೊಂಡು, ಆಮೇಲೆ ಅದನ್ನು ನೋಡಿ ಚೀನೀ ಹೆಸರು ನೆನಪು ಮಾಡಿಕೊಳ್ಳುವ ರೂಢಿ ಇಟ್ಟುಕೊಂಡಿದ್ದೆ.

ಪರೀಕ್ಷೆಯ ದಿನ ಮೇಜಿನ ಮೇಲೆ ನಲವತ್ತು ತಟ್ಟೆ, ಒಂದೊಂದಕ್ಕೂ ಅರ್ಧ ನಿಮಿಷ. ಗಾಬರಿಯಲ್ಲಿ ಓಡಿ ಓಡಿ ಬರೆದೆ. ಪೇಪರು ಕೊಟ್ಟು ಹೊರಗೆ ಬಂದ ಮೇಲೆ ಹೊಳೆಯಿತು, ಹನ್ನೊಂದು ಕಡೆ ಚೀನೀ ಅಕ್ಷರ ಇರಬೇಕಾದ ಜಾಗದಲ್ಲಿ ನನ್ನ ಕನ್ನಡ ಹಾಗೇ ಉಳಿದಿದೆ, ಅಳಿಸುವುದು ಮರೆತಿದ್ದೇನೆ. ಫೇಲಾದರೆ ಇನ್ನೊಂದು ಸೆಮಿಸ್ಟರು, ಹೆಂಡತಿಗೆ ಏನು ಹೇಳುವುದು ಎಂದು ಆ ವಾರವೆಲ್ಲ ಯೋಚನೆ.

ಮೇಡಂ ಕರೆಸಿದರು. ಪೇಪರು ಅವರ ಮುಂದೆ ಇತ್ತು. ಕನ್ನಡಕ ಮೂಗಿನ ತುದಿಗೆ ತಂದು ನನ್ನ "ಜ್ಯೇಷ್ಠಮಧು"ವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನಾನು ಪಾಸು ಎಂದೂ, ಈ ವಯಸ್ಸಿನಲ್ಲಿ ಚೀನೀ ಅಕ್ಷರ ಕಲಿಯಲು ಪ್ರಯತ್ನ ಪಟ್ಟದ್ದು ನೋಡಿ ಸಂತೋಷವಾಯಿತು ಎಂದೂ ಹೇಳಿದರು. ಚೀನೀ ಅಕ್ಷರದ ಹೆಚ್ಚಿನ ಅಂಕ ಮಾತ್ರ ಕೊಡಲಿಲ್ಲ. ಕಾರಣವನ್ನೂ ತಿಳಿಸಿದರು. ನನ್ನ ಚೀನೀ ಕೈಬರಹ ವಿಪರೀತ ಗುಂಡಗಿದೆಯಂತೆ, ಸ್ವಲ್ಪ ಮೂಲೆಗಳಿರಬೇಕಂತೆ.

ಚೊಕ್ಕಟ ನಾಲಿಗೆ

ಚೀನೀ ವೈದ್ಯದಲ್ಲಿ ನಾಲಿಗೆಯೇ ಅರ್ಧ ರಿಪೋರ್ಟು. ಮೇಲಿನ ಲೇಪ ಬಿಳಿಯೋ ಹಳದಿಯೋ, ತೆಳುವೋ ದಪ್ಪವೋ ನೋಡಿ ಹೊಟ್ಟೆಯ ಸ್ಥಿತಿ ಹೇಳುತ್ತಾರೆ. ಮೂರನೇ ವರ್ಷ ಕಾಲೇಜಿನ ಕ್ಲಿನಿಕ್ಕಿನಲ್ಲಿ ನಾವು ವಿದ್ಯಾರ್ಥಿಗಳು ರೋಗಿಗಳನ್ನು ನೋಡಬೇಕು, ಪಕ್ಕದಲ್ಲಿ ಒಬ್ಬ ಹಿರಿಯ ವೈದ್ಯೆ ನಿಂತಿರುತ್ತಾರೆ.

ಒಂದು ದಿನ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಬಂದ. ಆಸ್ಟಿನ್‌ನಲ್ಲಿ ಎಂ.ಎಸ್. ಓದುತ್ತಿದ್ದವನು. ರಂಜಾನ್ ಮುಗಿದಾಗಿನಿಂದ ಊಟ ಜೀರ್ಣ ಆಗುತ್ತಿಲ್ಲ ಎಂದು ಅವನ ದೂರು. ನಾಲಿಗೆ ತೋರಿಸು ಅಂದಾಗ ತೋರಿಸಿದ. ನಾವು ನಾಲ್ಕು ಜನ ಬಗ್ಗಿ ನೋಡಿದೆವು. ಕನ್ನಡಿ ಇದ್ದ ಹಾಗಿತ್ತು. ಗುಲಾಬಿ ಬಣ್ಣ, ಫಳಫಳ ಹೊಳಪು, ಲೇಪದ ಸುಳಿವೇ ಇಲ್ಲ.

ಪುಸ್ತಕದ ಪ್ರಕಾರ ಇದು ಒಳಗಿನ ತೇವವೆಲ್ಲ ಬತ್ತಿಹೋದ ಲಕ್ಷಣ, ಬಹಳ ದಿನ ಕಾಯಿಲೆ ಬಿದ್ದು ಸೊರಗಿದವರಲ್ಲಿ ಕಾಣುವಂಥದ್ದು. ವೈದ್ಯೆಯ ಮುಖ ಗಂಭೀರವಾಯಿತು. ನನ್ನ ಜೊತೆಯ ಹುಡುಗಿ ಪೆನ್ನು ಒತ್ತಿ ಒತ್ತಿ ಬರೆದುಕೊಂಡಳು. ಇನ್ನೊಬ್ಬ ಫೋಟೋ ತೆಗೆಯಬಹುದೇ ಎಂದು ಕೇಳಿದ. ಹುಡುಗ ಬೆವರತೊಡಗಿದ. ನಾಲಿಗೆ ಹೊರಗೇ ಇದ್ದದ್ದರಿಂದ ಏನಾಗಿದೆ ಎಂದು ಕೇಳಲೂ ಅವನಿಗೆ ಆಗಲಿಲ್ಲ.

ಅಷ್ಟರಲ್ಲಿ ನನಗೆ ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಇರುವ ತಾಮ್ರದ ಕಡ್ಡಿ ನೆನಪಾಯಿತು. ಕನ್ನಡದಲ್ಲಿ ಕೇಳಿದೆ. "ಬೆಳಿಗ್ಗೆ ನಾಲಿಗೆ ಕೆರೆದುಕೊಂಡು ಬಂದಿದ್ದೀಯೇನಪ್ಪ?"

"ಹೌದ್ರಿ ಅಂಕಲ್. ಡಾಕ್ಟರ್ ಮುಂದ ತೋರಸೂದೈತಿ ಅಂತ ಎರಡ್ ಸಲ ಕೆರಕೊಂಡು ಬಂದೇನ್ರಿ."

ನಮ್ಮ ದೇಶದಲ್ಲಿ ಕೋಟ್ಯಂತರ ಜನ ದಿನಾ ಬೆಳಿಗ್ಗೆ ಈ ರಿಪೋರ್ಟನ್ನು ಕೆರೆದು ಸಿಂಕಿಗೆ ಹಾಕುತ್ತಾರೆ ಎಂದು ವೈದ್ಯೆಗೆ ವಿವರಿಸಿದೆ. ಮೂರು ದಿನ ನಾಲಿಗೆ ಮುಟ್ಟದೆ ವಾಪಸ್ ಬಾ ಎಂದು ಹುಡುಗನನ್ನು ಕಳಿಸಿದೆವು.

ನಾಲ್ಕನೇ ದಿನ ಬಂದ. ಬಾಯಿ ತೆರೆದ ಕೂಡಲೇ ನಾವು ನಾಲ್ಕೂ ಜನ ಒಂದು ಹೆಜ್ಜೆ ಹಿಂದೆ ಸರಿದೆವು. ಹಲ್ಲು ಉಜ್ಜುವುದು ಬಿಡು ಅಂತ ನಾವು ಹೇಳಿರಲಿಲ್ಲವಲ್ಲ ಎಂದೆ. ಅವನು ಬಹಳ ವಿನಯದಿಂದ ಹೇಳಿದ. "ಬ್ರಶ್ ನಾಲಿಗಿಗೆ ತಾಕಿದ್ರ ರಿಸಲ್ಟ್ ಕೆಡತೈತಿ ಅಂತ, ನಾ ಎಲ್ಲಾ ಬಂದ್ ಮಾಡೇನ್ರಿ."

ಕೊಸರು

ಲೈಸೆನ್ಸು ಸಿಕ್ಕಿದ ಮೇಲೆ ಕ್ಯಾರಲ್ಟನ್‌ನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಒಂದು ಪಕ್ಕ ಬಟ್ಟೆ ಆಲ್ಟ್ರೇಷನ್ ಅಂಗಡಿ, ಇನ್ನೊಂದು ಪಕ್ಕ ಬಬಲ್ ಟೀ ಮಾರುವ ಅಂಗಡಿ. ಗೋಡೆಗೆ ಡ್ರಾಯರುಗಳ ದೊಡ್ಡ ಕಪಾಟು ಬಂತು. ಅದನ್ನು ತುಂಬಿಸಲು ಮೂಲಿಕೆ ಬೇಕಲ್ಲ, ಒಂದು ಶನಿವಾರ ಹ್ಯೂಸ್ಟನ್‌ಗೆ ಹೊರಟೆ. ಅಲ್ಲಿ ಒಳ್ಳೆಯ ಮಾಲು ಇಡುವ ಹಳೆಯ ಅಂಗಡಿ ಇದೆ ಎಂದು ಯಾರೋ ಹೇಳಿದ್ದರು.

ದಾರಿಯುದ್ದಕ್ಕೂ ಕಾರಿನಲ್ಲಿ ಚೀನೀ ಉಚ್ಚಾರ ಅಭ್ಯಾಸ ಮಾಡಿದೆ. ಆ ಭಾಷೆಯಲ್ಲಿ ಅದೇ ಪದವನ್ನು ಏರಿಸಿ ಹೇಳಿದರೆ ಒಂದು, ಇಳಿಸಿ ಹೇಳಿದರೆ ಇನ್ನೊಂದು. ಅಂಗಡಿಯಲ್ಲಿ ಒಬ್ಬ ಹೆಂಗಸು ಇದ್ದರು, ನಲವತ್ತರ ಆಸುಪಾಸು. ನಾನು ಧೈರ್ಯ ಮಾಡಿ ಪಟ್ಟಿಯ ಮೊದಲನೆಯದನ್ನು ಕೇಳಿದೆ. "ಬೈ ಶಾವ್." ಅದು ಒಂದು ಹೂಗಿಡದ ಬಿಳಿ ಬೇರು, ದಿನಾ ಬೇಕಾಗುವ ಸಾಮಾನು. ಆಕೆ ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. ಈ ಸಲ ಏರಿಸಿ. ಆಕೆ ಸ್ವಲ್ಪ ಯೋಚಿಸಿ, ಒಳಗೆ ಹೋಗಿ, ಸೂಪು ಕುಡಿಯುವ ಒಂದು ಬಿಳಿ ಚಮಚ ತಂದು ಕೈಗೆ ಕೊಟ್ಟರು.

"ಅಯ್ಯೋ ನನ್ನ ಕರ್ಮವೇ" ಎಂದು ಬಾಯಿಂದ ಬಂತು.

ಒಳಗಿನ ಪರದೆ ಸರಿಯಿತು. ಸ್ವೆಟರು ಹಾಕಿದ ಒಬ್ಬ ಚೀನೀ ಮುದುಕರು ಹೊರಗೆ ಬಂದು ನನ್ನನ್ನೂ ಚಮಚವನ್ನೂ ನೋಡಿದರು. "ಏನು ಬೇಕು ಹೇಳಿ ಸಾರ್, ಕನ್ನಡದಲ್ಲೇ ಹೇಳಿ. ಅವಳಿಗೆ ಪಾಪ ಯಾಕೆ ತೊಂದರೆ ಕೊಡ್ತೀರಿ?"

ನಾನು ಸ್ಟೂಲು ಎಳೆದುಕೊಂಡು ವಿಚಾರಿಸಿದೆ. ಅವರ ತಂದೆ ಬೆಂಗಳೂರಿನಲ್ಲಿ ಷೂ ಅಂಗಡಿ ಇಟ್ಟಿದ್ದರಂತೆ. ಇವರು ಹುಟ್ಟಿದ್ದು ಶಿವಾಜಿನಗರದಲ್ಲಿ, ಓದಿದ್ದೂ ಅಲ್ಲೇ. ಮದುವೆಯಾದ ಮೇಲೆ ಹೆಂಡತಿಯ ಕಡೆಯವರ ಜೊತೆ ಇಲ್ಲಿಗೆ ಬಂದವರು. ಚಮಚ ತಂದುಕೊಟ್ಟಾಕೆ ಅವರ ಮಗಳು. ಪಟ್ಟಿಯಲ್ಲಿದ್ದ ಐವತ್ತು ಸಾಮಾನನ್ನೂ ನಾವು ಕನ್ನಡದಲ್ಲೇ ಮುಗಿಸಿದೆವು. ಮಧ್ಯೆ ಮಧ್ಯೆ ಅವರು ಮಸಾಲೆ ದೋಸೆಯ ವಿಚಾರ ಕೇಳುತ್ತಿದ್ದರು. ಹೊರಡುವ ಮುಂಚೆ ನಾನು ರೂಢಿಯಂತೆ, ಖರ್ಜೂರದ ತಕ್ಕಡಿ ಕಡೆ ನೋಡುತ್ತಾ, ಇಷ್ಟು ತಗೊಂಡಿದ್ದೀನಿ, ಸ್ವಲ್ಪ ಕೊಸರು ಹಾಕಿ ಅಂದೆ.

ಅವರು ತುಂಬಾ ಹೊತ್ತು ನಕ್ಕರು. ಕಣ್ಣು ಒರೆಸಿಕೊಂಡು ಒಂದು ಹಿಡಿ ಹಾಕಿದರು. "ಈ ಮಾತು ಕೇಳಿ ನಲವತ್ತು ವರ್ಷ ಆಯ್ತು ಸಾರ್. ಇಲ್ಲಿ ಯಾರೂ ಅದನ್ನ ಕೇಳಲ್ಲ, ಅದಕ್ಕೇ ನನ್ನ ಅಂಗಡಿ ಇನ್ನೂ ಇದೆ."

ಮನೆ ಬದಲಿಸಿದ ಪ್ರಾಣಿ

ಕ್ಲಿನಿಕ್ಕಿನ ಮೊದಲ ಎರಡು ತಿಂಗಳು ಒಬ್ಬ ರೋಗಿಯೂ ಬರಲಿಲ್ಲ. ಬಬಲ್ ಟೀಗೆ ಬಂದವರು ತಪ್ಪಿ ಒಳಗೆ ಬಂದರೆ ಅದೇ ಹಬ್ಬ. ನಾನು ಮನೆಯಲ್ಲಿ ಹೊಸ ಹೊಸ ಕಷಾಯ ಕುದಿಸಿ ನಾನೇ ಕುಡಿದು ನೋಡುತ್ತಿದ್ದೆ. ಮಗಳು ಆ ವಾಸನೆಗೆ ಮೂಗು ಮುಚ್ಚಿಕೊಂಡು, "ಡ್ಯಾಡ್, ಮೈ ಫ್ರೆಂಡ್ಸ್ ಆರ್ ಕಮಿಂಗ್" ಎಂದು ಕಿಟಕಿ ತೆಗೆಯುತ್ತಿದ್ದಳು. ಕಿಟಕಿ ತೆಗೆದದ್ದೇ ತೊಂದರೆಯಾಯಿತು.

ಪಕ್ಕದ ಮನೆಯವರು ರಿಟೈರ್ ಆದ ಟೆಕ್ಸಸ್‌ನ ಹಿರಿಯರು, ತುಂಬಾ ಒಳ್ಳೆಯ ಜನ. ಒಂದು ಭಾನುವಾರ ಬಾಗಿಲು ತಟ್ಟಿ, ನಿಮ್ಮ ಮನೆಯ ಕೆಳಗೆ ಸ್ಕಂಕ್ ಸೇರಿಕೊಂಡಿದೆ, ವಾಸನೆ ನಮ್ಮ ಹಿತ್ತಿಲವರೆಗೂ ಬರುತ್ತಿದೆ ಅಂದರು. ಸ್ಕಂಕ್ ಅಂದರೆ ಹೆದರಿದಾಗ ನಾರುವ, ಬೆಕ್ಕಿನಷ್ಟು ದೊಡ್ಡ ಪ್ರಾಣಿ. ನೀವು ಈ ಕಡೆಯವರಲ್ಲ, ನಿಮಗೆ ಗೊತ್ತಾಗಲ್ಲ ಎಂದು ಅವರೇ ಬೋನು ತಂದು ನಮ್ಮ ಹಿಂಬಾಗಿಲಲ್ಲಿ ಇಟ್ಟರು. ಅದು ನನ್ನ ಕಷಾಯ ಎಂದು ಹೇಳಲು ನಾಚಿಕೆಯಾಯಿತು. ಸುಮ್ಮನಿದ್ದೆ. ಅವರು ದಿನಾ ಬೆಳಿಗ್ಗೆ ಬಂದು ಬೋನು ನೋಡುವುದು, ತಲೆ ಕೆರೆದುಕೊಳ್ಳುವುದು, ಒಳಗಿಟ್ಟ ತಿಂಡಿ ಬದಲಾಯಿಸುವುದು. ಐದನೇ ದಿನ ಮಂಡಿ ಹಿಡಿದುಕೊಂಡು ಬಗ್ಗಲಾರದೆ ಬಗ್ಗಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಕರೆದು, ಪಾತ್ರೆಯ ಮುಚ್ಚಳ ತೆಗೆದು ತೋರಿಸಿದೆ.

ಅವರು ಮೂಸಿದರು, ಮತ್ತೊಮ್ಮೆ ಮೂಸಿದರು. ಬೈಯುತ್ತಾರೆ ಅಂದುಕೊಂಡೆ. ಮಂಡಿ ನೋವಿಗೂ ಇದರಲ್ಲಿ ಏನಾದರೂ ಇದೆಯಾ ಎಂದು ಕೇಳಿದರು. ಅವರು ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ವಿಚಾರಿಸಿ, ಅವರ ಡಾಕ್ಟರ ಹತ್ತಿರವೂ ಕೇಳಿಸಿ, ಒಂದು ವಾರದ ಪೊಟ್ಟಣ ಕಟ್ಟಿಕೊಟ್ಟೆ. ಅವರೇ ನನ್ನ ಮೊದಲ ರೋಗಿ. ಮಾರನೇ ಬೆಳಿಗ್ಗೆ ಅವರ ಹೆಂಡತಿಯ ಫೋನು ಬಂತು. ನಿಮ್ಮ ಸ್ಕಂಕ್ ಈಗ ನಮ್ಮ ಮನೆಗೆ ಶಿಫ್ಟ್ ಆಗಿದೆ, ದಯವಿಟ್ಟು ನಮ್ಮ ಬೋನು ವಾಪಸ್ ಕಳಿಸಿಕೊಡಿ ಅಂದರು.

ನಾಡಿ

ಇದು ಚಿಕ್ಕದು. ನಾಡಿ ನೋಡುವಾಗ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಐದಾರು ನಿಮಿಷ ಮಾತಾಡದೆ ಕೂರಬೇಕು. ಬೆಂಗಳೂರಿನ ಒಬ್ಬರು ತಲೆನೋವು ಎಂದು ಬಂದರು, ಐ.ಟಿ.ಯಲ್ಲಿ ದೊಡ್ಡ ಹುದ್ದೆ. ಬಲಗೈ ನೋಡಿದೆ, ಎಡಗೈ ನೋಡಿದೆ, ಕಣ್ಣು ಮುಚ್ಚಿಕೊಂಡು ಮತ್ತೆ ಬಲಗೈ ನೋಡಿದೆ. ನಾನು ಕಣ್ಣು ಬಿಟ್ಟಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು.

"ಸಂಕೋಚ ಬೇಡ ಸಾರ್, ಇದ್ದದ್ದು ಹೇಳಿಬಿಡಿ. ಗ್ರೀನ್ ಕಾರ್ಡ್ ಈ ಜನ್ಮದಲ್ಲಿ ಬರುತ್ತಾ?"

ಉಪ್ಪು ಸ್ವಲ್ಪ ಜಾಸ್ತಿ

ಈಗ ಕ್ಲಿನಿಕ್ಕು ಚೆನ್ನಾಗಿ ನಡೆಯುತ್ತಿದೆ. ಹೋದ ಚಳಿಗಾಲ ಹತ್ತಿರದ ಊರು ಫ್ಲವರ್ ಮೌಂಡ್‌ನಿಂದ ಒಬ್ಬ ಯುವಕ ಬಂದರು. ಜ್ವರ ಬಿಟ್ಟು ತಿಂಗಳಾಗಿತ್ತು, ಒಣಕೆಮ್ಮು ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅನ್ನಿಸಿಕೊಂಡು ಬಂದಿದ್ದರು. ಆಫೀಸಿನ ಮೀಟಿಂಗಿನಲ್ಲಿ ಬಾಯಿ ತೆರೆದರೆ ಕೆಮ್ಮೇ ಮುಂದೆ ಬರುತ್ತಿತ್ತಂತೆ. ನಾನು ನೋಡಿ, ಹಿಪ್ಪುನೇರಳೆ ಸೊಪ್ಪು, ಕಿತ್ತಳೆ ಸಿಪ್ಪೆ, ಜ್ಯೇಷ್ಠಮಧು, ಇನ್ನೂ ಎರಡು ಮೂರು ಬೇರು ಸೇರಿಸಿ ಐದು ಪೊಟ್ಟಣ ಕಟ್ಟಿಕೊಟ್ಟೆ. ದಿನಕ್ಕೊಂದು ಪೊಟ್ಟಣ ನೀರಿಗೆ ಹಾಕಿ ಕುದಿಸಿ, ಬಸಿದು, ಎರಡು ಹೊತ್ತು ತಗೊಳ್ಳಿ ಅಂದೆ. ಅವರು ಆಫೀಸಿನ ಫೋನು ಬಂತೆಂದು ಅವಸರದಲ್ಲಿ ಎದ್ದರು. ಮನೆಯಲ್ಲಿ ಅಮ್ಮ ಬಂದಿದ್ದಾರೆ, ಅವರೇ ಮಾಡಿಕೊಡುತ್ತಾರೆ ಎಂದು ಹೊರಟುಹೋದರು.

ಆರನೇ ದಿನ ಫೋನು ಮಾಡಿದರು. ಕೆಮ್ಮಿನ ಸದ್ದೇ ಇರಲಿಲ್ಲ, ನನಗೆ ಬಹಳ ಸಂತೋಷವಾಯಿತು. ಔಷಧಿ ತುಂಬಾ ಚೆನ್ನಾಗಿದೆ ಸಾರ್, ಉಪ್ಪು ಮಾತ್ರ ಸ್ವಲ್ಪ ಜಾಸ್ತಿ ಆಗಿತ್ತು ಅಂದರು.

ಆ ಪೊಟ್ಟಣದಲ್ಲಿ ಉಪ್ಪಿನ ಹರಳೂ ಇರಲಿಲ್ಲ. ಬೇರೆ ಯಾವುದೋ ಡ್ರಾಯರಿನದು ಬೆರೆತುಹೋಯಿತೇ? ಅಷ್ಟು ವರ್ಷ ಓದಿ, ಕೊನೆಗೆ ನಾನೇ ಯಾರಿಗಾದರೂ ಕೆಡುಕು ಮಾಡಿಬಿಟ್ಟೆನೇ? ಪಾತ್ರೆ, ಔಷಧಿ ಉಳಿದಿದ್ದರೆ ಅದು, ಅಮ್ಮ, ಎಲ್ಲವನ್ನೂ ಕರೆದುಕೊಂಡು ತಕ್ಷಣ ಬನ್ನಿ ಅಂದೆ. ಅರ್ಧ ಗಂಟೆಯಲ್ಲಿ ಬಂದರು. ಅಮ್ಮ ಮಂಡ್ಯದ ಕಡೆಯವರು, ಸೀರೆಯ ಮೇಲೆ ಮಗನ ಜಾಕೆಟ್ಟು ಹಾಕಿಕೊಂಡು, ಕೈಯಲ್ಲಿ ಒಂದು ಡಬ್ಬಿ ಹಿಡಿದುಕೊಂಡಿದ್ದರು.

ಔಷಧಿ ಹೇಗೆ ಮಾಡಿದಿರಿ ಆಂಟಿ, ಮೊದಲಿನಿಂದ ಹೇಳಿ ಅಂದೆ. ಅವರಿಗೆ ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಮಗ ಬಂದು, ಇದನ್ನ ಬೇಯಿಸಿ ಬಸಿದು ಎರಡು ಹೊತ್ತಿಗೂ ಕೊಡಬೇಕಂತೆ ಅಂದನಂತೆ. ಪೊಟ್ಟಣ ಬಿಚ್ಚಿ ನೋಡಿದರೆ ಮೇಲೇ ಹಿಪ್ಪುನೇರಳೆ ಸೊಪ್ಪು. ಮೂವತ್ತು ವರ್ಷ ರೇಷ್ಮೆಹುಳಕ್ಕೆ ಹಾಕಿದ ಕೈ, ಗುರುತು ಸಿಗದೇ ಇರುತ್ತದೆಯೇ? ಸೊಪ್ಪು ಬೇಯಿಸಿ ಬಸಿ ಎಂದು ಡಾಕ್ಟರು ಹೇಳಿದ್ದಾರೆ ಅಂದರೆ ಅದಕ್ಕೆ ಇರುವುದು ಒಂದೇ ಅರ್ಥ.

"ಬಸ್ಸಾರು ಮಾಡ್ದೆ ಕಣಪ್ಪ" ಅಂದರು.

ಬಸಿದ ನೀರಿಗೆ ಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ರುಬ್ಬಿ ಹಾಕಿ ಸಾರು. ಒಂದಷ್ಟು ಹುಣಸೆಹುಳಿ. ಒಂದು ದಿನ ಉಪ್ಪು ಎರಡು ಸಲ ಬಿದ್ದಿತ್ತು, ಅದನ್ನೂ ಒಪ್ಪಿಕೊಂಡರು. ಉಳಿದ ಚರಟಕ್ಕೆ ಒಗ್ಗರಣೆ, ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ. ಜೊತೆಗೆ ಮುದ್ದೆ. ಐದು ದಿನ, ಎರಡು ಹೊತ್ತು. ಬೇರುಗಳು ನಾರುನಾರಾಗಿದ್ದವಂತೆ, ನುಗ್ಗೆಕಾಯಿಯ ಹಾಗೆ ಅಗಿದು ಪಕ್ಕಕ್ಕಿಟ್ಟರಂತೆ. ಡಬ್ಬಿ ತೆಗೆದು ತೋರಿಸಿದರು. ಒಗ್ಗರಣೆಯ ಸಾಸಿವೆ ಮಧ್ಯೆ ನನ್ನ ಕಿತ್ತಳೆ ಸಿಪ್ಪೆ ಹೊಳೆಯುತ್ತಿತ್ತು.

ಯಾರ್ಯಾರು ತಿಂದರು ಎಂದು ಕೇಳಿದೆ. ಮನೆಯವರೆಲ್ಲ. ಒಂದು ದಿನ ಸೊಸೆಯ ಆಫೀಸಿನವರು ಇಬ್ಬರು ಊಟಕ್ಕೆ ಬಂದಿದ್ದರು, ಅವರಿಗೂ ಬಡಿಸಿದ್ದರು. ಒಬ್ಬರು ಎರಡನೇ ಸಲ ಹಾಕಿಸಿಕೊಂಡರಂತೆ. ನಾನು ಒಬ್ಬೊಬ್ಬರ ವಿಚಾರವನ್ನೂ ಕೇಳಿ, ಫೋನು ಮಾಡಿಸಿ ತಿಳಿದುಕೊಂಡೆ. ಎಲ್ಲಾ ಸೌಮ್ಯವಾದ ಮೂಲಿಕೆಗಳೇ, ಯಾರಿಗೂ ಏನೂ ಆಗಿರಲಿಲ್ಲ. ಮಗನ ಕೆಮ್ಮು ಹೋಗಿತ್ತು. ಅದು ನನ್ನ ಸೊಪ್ಪಿನಿಂದಲೋ ಅವರ ಮೆಣಸಿನಿಂದಲೋ ನಾನು ಇವತ್ತಿಗೂ ಹೇಳಲಾರೆ. ಒಳಗಿನ ಕೋಣೆಗೆ ಹೋಗುವಷ್ಟು ಪುರುಸೊತ್ತೂ ಸಿಗದೆ, ಅವರ ಎದುರೇ ನಕ್ಕುಬಿಟ್ಟೆ.

ಆಂಟಿ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಖುಷಿಯಾಗಿರುವುದು ನೋಡಿ, ಇದೇ ಸಮಯ ಎಂದು ಹತ್ತಿರ ಬಂದು ಹೇಳಿದರು.

"ಮುಂದಿನ ಸಲ ಕಟ್ಟುವಾಗ ಸೊಪ್ಪು ಒಂದು ಹಿಡಿ ಜಾಸ್ತಿ ಹಾಕಪ್ಪ. ಸಾರಿಗೆ ಸಾಕಾಯ್ತದೆ, ಪಲ್ಯಕ್ಕೆ ಸಾಲಕ್ಕಿಲ್ಲ."